ಇಬ್ಬರು ಗೌರಮ್ಮಂದಿರು, ಒಂದೇ ಫೈಲು

೨೦೧೩ರಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೆ. ಅಂಗಡಿ ಇರಲಿಲ್ಲ. ಫೋನ್ ಬಂದರೆ ಸ್ಕೂಟರಿನಲ್ಲಿ ಬ್ಯಾಗು ಹಾಕಿಕೊಂಡು ಹೋಗುತ್ತಿದ್ದೆ. ನಮ್ಮ ಮನೆ ತಣಿಸಂದ್ರದಲ್ಲಿ. ಹೆಬ್ಬಾಳ, ಆರ್.ಟಿ. ನಗರ, ಸಹಕಾರನಗರ, ಯಲಹಂಕ, ಎಲ್ಲ ಕಡೆ ನನಗೆ ಗಿರಾಕಿಗಳಿದ್ದರು. ಬಾಗಿಲು ತೆಗೆದವರು ಮೊದಲು ನನ್ನ ಹಿಂದೆ ಯಾರಾದರೂ ಗಂಡಸು ಬಂದಿದ್ದಾನಾ ಅಂತ ನೋಡುತ್ತಿದ್ದರು. "ನೀವೇನಾ ಮಾಡೋದು?" ಅಂತ ಕೇಳುತ್ತಿದ್ದರು. ಕೆಲಸ ಮುಗಿಸಿ ಹೊರಡುವಾಗ ಆ ಮುಖಗಳು ಬದಲಾಗಿರುತ್ತಿದ್ದವು. ಅದು ನನಗೆ ಬಹಳ ಇಷ್ಟದ ಸಂಗತಿ. ನನಗೆ ಸ್ವಲ್ಪ ಜಂಬವೂ ಇತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷದ ಮಳೆಗಾಲದ ಶುರುವಿನಲ್ಲಿ ಆರ್.ಟಿ. ನಗರದ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಿಂದ ಫೋನ್ ಬಂತು. ಎರಡಂತಸ್ತಿನ ಹಳೇ ಮನೆ. ಕೆಳಗೆ ರಕ್ತ ಕೊಡುವ ಕೋಣೆ, ರಿಪೋರ್ಟ್ ಕೊಡುವ ಕೌಂಟರು. ಮೇಲೆ ಡಾಕ್ಟರು ಕೂತು ಸೂಕ್ಷ್ಮದರ್ಶಕದಲ್ಲಿ ನೋಡಿ ರಿಪೋರ್ಟ್ ಬರೆಯುತ್ತಿದ್ದರು. ಅರವತ್ತು ದಾಟಿದ್ದ ಅವರನ್ನು ಎಲ್ಲರೂ ಶ್ರೀಕಂಠ ಡಾಕ್ಟರು ಅನ್ನುತ್ತಿದ್ದರು. ಅವರಿಗೆ ಮಂಡಿನೋವು. ಬೆಳಿಗ್ಗೆ ಒಂದು ಸಲ ಮೆಟ್ಟಿಲು ಹತ್ತಿದರೆ ಮತ್ತೆ ಸಂಜೆಯೇ ಇಳಿಯುವುದು.

ಮೇಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು. ಪೆನ್‌ಡ್ರೈವ್‌ಗಳಿಂದ ವೈರಸ್ ಬಂದು ಎಲ್ಲ ಹಾಳಾಗುತ್ತಿದೆ ಅಂತ ಅವರ ಅಕ್ಕನ ಮಗ ಹಾಕಿಕೊಟ್ಟು ಹೋಗಿದ್ದನಂತೆ. ಕೆಳಗೆ ಕೌಂಟರಿನಲ್ಲಿ ಇದ್ದದ್ದು ವಿಂಡೋಸ್. ಅಲ್ಲಿ ಕೂರುತ್ತಿದ್ದವಳು ನಾಗವೇಣಿ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಅಮ್ಮನ ಜೊತೆ ಮತ್ತಿಕೆರೆಯಲ್ಲಿದ್ದಳು. ಡಾಕ್ಟರು ಬರೆದ ರಿಪೋರ್ಟುಗಳನ್ನು ಅವಳು ಪೆನ್‌ಡ್ರೈವ್‌ನಲ್ಲಿ ಕೆಳಗೆ ತಂದು, ಪ್ರಿಂಟ್ ತೆಗೆದು ಕೊಡಬೇಕು. ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು.

"ಏನಮ್ಮ, ಈ ಎರಡು ಕಂಪ್ಯೂಟರಿಗೂ ಮಾತುಕತೆನೇ ಇಲ್ಲ. ಏನಾದ್ರೂ ಮಾಡಿ ಒಂದು ಮಾಡಮ್ಮ," ಅಂದರು ಡಾಕ್ಟರು.

ಒಂದು ಮಾಡುವುದು ಅಷ್ಟು ಸುಲಭ ಆಗಲಿಲ್ಲ. ಮೇಲಿನ ಫೋಲ್ಡರನ್ನು ಕೆಳಗಿನವರಿಗೆ ಕಾಣುವ ಹಾಗೆ ಮಾಡಿದೆ. ಕೆಳಗೆ ಹೋಗಿ ನೋಡಿದರೆ ಕಂಪ್ಯೂಟರೇ ಕಾಣುತ್ತಿಲ್ಲ. ಎರಡಕ್ಕೂ ಒಂದೇ ಗುಂಪಿನ ಹೆಸರು ಕೊಟ್ಟ ಮೇಲೆ ಕಂಡಿತು, ಆದರೆ ಪಾಸ್‌ವರ್ಡ್ ಕೇಳಿತು. ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡಲಿಲ್ಲ. ಹಂಚಿಕೆಗೆ ಬೇರೆಯದೇ ಪಾಸ್‌ವರ್ಡ್ ಇಡಬೇಕು ಅಂತ ಆಮೇಲೆ ಹೊಳೆಯಿತು. ಅದನ್ನೂ ಮಾಡಿದೆ. ಫೋಲ್ಡರ್ ತೆರೆಯಿತು, ಫೈಲ್ ತೆರೆಯಲಿಲ್ಲ. ಅನುಮತಿ ಇಲ್ಲ ಅಂತ ಬಂತು. ನಾನು ಮೇಲೆ ಕೆಳಗೆ ಓಡಾಡುವುದನ್ನು ನೋಡಿ ನಾಗವೇಣಿ ನಗುತ್ತಿದ್ದಳು. "ಮೇಡಂ, ಇವತ್ತು ನನ್ನ ಕೆಲಸ ನೀವು ಮಾಡ್ತಿದ್ದೀರ," ಅಂದಳು.

ಸಂಜೆ ನಾಲ್ಕಕ್ಕೆ ಕೆಲಸ ಆಯಿತು. ಮೇಲೆ ಡಾಕ್ಟರು ಸೇವ್ ಮಾಡಿದ ರಿಪೋರ್ಟು ಕೆಳಗೆ ನಾಗವೇಣಿಯ ಪರದೆಯಲ್ಲಿ ತೆರೆದುಕೊಂಡಾಗ ಅವಳು ಚಪ್ಪಾಳೆ ತಟ್ಟಿದಳು.

ಆದರೆ ಒಂದೊಂದು ಸಲ ಕರೆಂಟ್ ಹೋಗಿ ಬಂದಾಗಲೂ ಮೇಲಿನ ಕಂಪ್ಯೂಟರ್ ಕೆಳಗೆ ಕಾಣದೆ ಹೋಗುತ್ತಿತ್ತು. ನಾಗವೇಣಿ ಫೋನ್ ಮಾಡುತ್ತಿದ್ದಳು. ಒಂದು ವಾರದಲ್ಲಿ ಮೂರು ಸಲ ಹೋಗಿ ಬಂದೆ. ಕೊನೆಗೆ ಬೇರೆ ದಾರಿ ಹುಡುಕಿದೆ. ಕೆಳಗಿನವರು ಮೇಲೆ ಹೋಗಿ ಹುಡುಕುವುದೇ ಬೇಡ, ಮೇಲಿನ ಕಂಪ್ಯೂಟರೇ ಐದು ನಿಮಿಷಕ್ಕೊಮ್ಮೆ ಹೊಸ ಫೈಲುಗಳನ್ನು ಕೆಳಗಿನ ಕಂಪ್ಯೂಟರಿಗೆ ಕಳಿಸಲಿ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟೆ. ಅದು ಚೆನ್ನಾಗಿ ನಡೆಯಿತು. ಒಂದೇ ಒಂದು ತೊಂದರೆ ಬಂತು. ಡಾಕ್ಟರು ಯಾವುದಾದರೂ ರಿಪೋರ್ಟನ್ನು ತಿದ್ದಿ ಮತ್ತೆ ಸೇವ್ ಮಾಡಿದರೆ, ಕೆಳಗೆ ಅದೇ ಹೆಸರಿನ ಫೈಲ್ ಆಗಲೇ ಇದೆ ಅಂತ ತಿದ್ದಿದ್ದು ಇಳಿಯುತ್ತಿರಲಿಲ್ಲ. ಹಳೇದೇ ಪ್ರಿಂಟ್ ಆಗುತ್ತಿತ್ತು. ಡಾಕ್ಟರು ರೇಗಿದರು. ನಾನು ಅವತ್ತೇ ಹೋಗಿ, ಅದೇ ಹೆಸರಿನದು ಇದ್ದರೆ ಕೇಳದೆ ಅದರ ಮೇಲೇ ಹೊಸದನ್ನು ಬರೆದುಬಿಡು ಅಂತ ಪ್ರೋಗ್ರಾಮಿಗೆ ಹೇಳಿಬಂದೆ. ಒಂದೇ ಸಾಲಿನ ಬದಲಾವಣೆ. ಆಮೇಲೆ ಆ ಲ್ಯಾಬಿನಿಂದ ದೂರಿನ ಫೋನೇ ಬರಲಿಲ್ಲ. ಡಾಕ್ಟರು ನನ್ನ ನಂಬರನ್ನು ಇನ್ನೂ ಇಬ್ಬರಿಗೆ ಕೊಟ್ಟರು.

ದೀಪಾವಳಿ ಕಳೆದು ಒಂದು ವಾರ ಆಗಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಡಾಕ್ಟರ ಫೋನ್. "ತಕ್ಷಣ ಬಾಮ್ಮ. ಕಂಪ್ಯೂಟರ್‌ನಲ್ಲಿ ಏನೋ ಆಗಿದೆ," ಅಂದರು. ದನಿ ಸರಿ ಇರಲಿಲ್ಲ.

ನಾನು ಹೋದಾಗ ಕೌಂಟರಿನ ಮುಂದೆ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಕೂಗಾಡುತ್ತಿದ್ದ. ನಾಗವೇಣಿ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರು ಕೆಳಗೇ ಇದ್ದರು. ಬೆಂಚಿನ ಮೇಲೆ ಒಬ್ಬ ಹೆಂಗಸು, ಬಣ್ಣ ಹೋದ ಹಸಿರು ಸೀರೆ, ಸೆರಗನ್ನು ಎಡಗಡೆಗೆ ಎಳೆದು ಹೊದ್ದುಕೊಂಡು ಕೂತಿದ್ದರು. ಏನು ನಡೆಯುತ್ತಿದೆ ಅಂತ ಗೊತ್ತಾಗದೆ ನಾನು ಬಾಗಿಲಲ್ಲೇ ನಿಂತೆ. ಆಕೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು.

"ಬಾವ್ವ, ಕೂತ್ಕೊ. ನಿಂಗೇನಾಗೈತೆ?" ಅಂತ ಕೇಳಿದರು. ನಾನೂ ಪರೀಕ್ಷೆಗೆ ಬಂದವಳು ಅಂದುಕೊಂಡಿದ್ದರು.

"ನಂಗೇನಿಲ್ಲಮ್ಮ, ನಾನು ಕಂಪ್ಯೂಟರ್ ನೋಡಕ್ಕೆ ಬಂದಿರೋದು," ಅಂದೆ.

"ಒಳ್ಳೇದಾಯ್ತು ಬಿಡು," ಅಂದರು ಆಕೆ.

ಅವರೇ ಗೌರಮ್ಮ. ಜಕ್ಕೂರಿನವರು. ಕೂಗಾಡುತ್ತಿದ್ದವನು ಅವರ ಮಗ ಆನಂದ. ವಿಷಯ ಏನೆಂದರೆ, ಶ್ರಾವಣದಲ್ಲಿ ಅವರು ಎಡಗಡೆ ಎದೆಯ ಗಂಟಿಗೆ ಇದೇ ಲ್ಯಾಬಿನಲ್ಲಿ ಸೂಜಿ ಪರೀಕ್ಷೆ ಮಾಡಿಸಿದ್ದರು. ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಕೊಟ್ಟಿದ್ದರು. ಊರಿನ ಕ್ಲಿನಿಕ್ಕಿನ ಡಾಕ್ಟರು ರಿಪೋರ್ಟಿನ ಕೊನೆ ಸಾಲು ನೋಡಿ, ಏನೂ ಭಯ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದಿದ್ದರು. ಗಂಟು ಬೆಳೆಯುತ್ತಲೇ ಹೋಯಿತು. ಹಬ್ಬಕ್ಕೆ ಬಂದ ಮಗಳು ಗಲಾಟೆ ಮಾಡಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ, ಅಲ್ಲಿನ ಸರ್ಜನ್ ರಿಪೋರ್ಟನ್ನು ಮೇಲಿಂದ ಓದಿ, "ಇದರಲ್ಲಿ ಬಲಗಡೆ ಅಂತ ಬರ್ದಿದೆಯಲ್ಲ, ನಿಮ್ದು ಎಡಗಡೆ," ಅಂದರಂತೆ. ಆಗ ಅಮ್ಮ ಮಗ ಇಬ್ಬರೂ ಇಲ್ಲಿಗೆ ಬಂದಿದ್ದರು.

ಶ್ರೀಕಂಠ ಡಾಕ್ಟರು ಮೇಲಿನ ಕಂಪ್ಯೂಟರಿನಲ್ಲಿ ಹುಡುಕಿದ್ದರು. ಅಲ್ಲಿ ಗೌರಮ್ಮನವರ ರಿಪೋರ್ಟ್ ಸರಿಯಾಗೇ ಇತ್ತು. ಎಡಗಡೆ. ಕ್ಯಾನ್ಸರ್ ಇದೆ.

"ನಾನು ಸರಿಯಾಗೇ ಬರ್ದಿದ್ದೀನಿ. ನೀನು ಬೇರೆಯವರದ್ದು ಪ್ರಿಂಟ್ ಮಾಡಿ ಕೊಟ್ಟಿದ್ದೀಯ," ಅಂತ ಡಾಕ್ಟರು ನಾಗವೇಣಿಗೆ ಹೇಳುತ್ತಿದ್ದರು.

"ಸರ್, ನನ್ನ ಕಂಪ್ಯೂಟರಲ್ಲಿ ಒಂದೇ ಗೌರಮ್ಮ ಇದ್ದಿದ್ದು ಸರ್. ಹೆಸರು ನೋಡಿದೆ, ವಯಸ್ಸು ನೋಡಿದೆ. ಐವತ್ತು ಅಂತಾನೇ ಇತ್ತು."

"ರಸೀದಿ ನಂಬರ್ ನೋಡಿದ್ಯಾ?"

ಅವಳು ಕೌಂಟರಿನ ಮೇಲಿನ ರಸೀದಿ ಪುಸ್ತಕದ ಕಡೆ ನೋಡಿದಳು.

"ಹಾಗಾದ್ರೆ ಇನ್ನೊಂದು ಫೈಲ್ ಎಲ್ಲಿ ಹೋಯ್ತು? ನೀನೇ ಅಳಿಸಿರ್ಬೇಕು," ಅಂದು ಡಾಕ್ಟರು ನನ್ನ ಕಡೆ ತಿರುಗಿದರು. "ನೋಡಮ್ಮ ಸ್ವಲ್ಪ. ಫೈಲ್ ತಾನಾಗೇ ಮಾಯ ಆಗತ್ತಾ?"

ನಾನು ಮೇಲೆ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಎರಡು ನಿಮಿಷ ಸಾಕಾಯಿತು. ಪರದೆಯ ಮೇಲೆ ಎರಡು ಫೈಲುಗಳು ಒಂದರ ಕೆಳಗೊಂದು ಇದ್ದವು. ಎರಡರ ಹೆಸರೂ ಇಂಗ್ಲಿಷಿನಲ್ಲಿ ಗೌರಮ್ಮ. ಒಂದು ದೊಡ್ಡಕ್ಷರದಿಂದ ಶುರುವಾಗಿತ್ತು, ಇನ್ನೊಂದು ಚಿಕ್ಕಕ್ಷರದಿಂದ. ಡಾಕ್ಟರು ಎರಡು ಬೆರಳಲ್ಲಿ ಟೈಪ್ ಮಾಡುವವರು. ಒಮ್ಮೆ ದೊಡ್ಡಕ್ಷರ ಹಾಕುತ್ತಿದ್ದರು, ಒಮ್ಮೆ ಮರೆಯುತ್ತಿದ್ದರು. ಲಿನಕ್ಸಿಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆಬೇರೆ. ಅದರ ಲೆಕ್ಕದಲ್ಲಿ ಅವು ಎರಡು ಹೆಸರು. ವಿಂಡೋಸ್‌ಗೆ ಆ ಭೇದ ಇಲ್ಲ, ಎರಡೂ ಒಂದೇ ಹೆಸರು. ಎರಡೂ ಹೆಸರಿನ ಕೊನೆಗೆ ಒಂದೇ ದಿನದ ತಾರೀಕು. ಮಧ್ಯಾಹ್ನ ಜಕ್ಕೂರಿನ ಗೌರಮ್ಮನವರ ಫೈಲು ಕೆಳಗೆ ಹೋಗಿದೆ. ಸಂಜೆ ನಾಲ್ಕಕ್ಕೆ ಇನ್ನೊಬ್ಬ ಗೌರಮ್ಮನವರದು ಹೋಗಿದೆ. ಕೆಳಗೆ ಆ ಹೆಸರು ಆಗಲೇ ಇತ್ತು. ನಾನು ಹೇಳಿಕೊಟ್ಟ ಹಾಗೆ, ಯಾರನ್ನೂ ಕೇಳದೆ, ಒಂದರ ಮೇಲೆ ಇನ್ನೊಂದು ಕೂತು ಮೊದಲಿನದು ಅಳಿಸಿಹೋಗಿದೆ.

ಆರು ಗಂಟೆಗೆ ಆನಂದ ಬಂದು ರಿಪೋರ್ಟ್ ಕೇಳಿದಾಗ ನಾಗವೇಣಿಯ ಮುಂದೆ ನಿಜವಾಗಿಯೂ ಒಬ್ಬರೇ ಗೌರಮ್ಮ ಇದ್ದರು. ಮೊದಲಿನ ಹಾಗೆ ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದರೆ, ಈ ಹೆಸರಿನದು ಆಗಲೇ ಇದೆ, ಏನು ಮಾಡಲಿ ಅಂತ ಕಂಪ್ಯೂಟರ್ ಕೇಳುತ್ತಿತ್ತು. ಅವಳು ಡಾಕ್ಟರನ್ನು ಕೇಳುತ್ತಿದ್ದಳು. ಕೇಳಬೇಡ ಅಂದವಳು ನಾನು.

ಕೆಳಗಿನಿಂದ ಆನಂದನ ಗಂಟಲು ಕೇಳುತ್ತಲೇ ಇತ್ತು. ಇಳಿದು ಬಂದೆ. ಡಾಕ್ಟರು, "ಏನಾಯ್ತಮ್ಮ?" ಅಂದರು. ನಾಗವೇಣಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇನ್ನೂ ನೋಡ್ಬೇಕು ಸರ್. ಈಗಲೇ ಹೇಳಕ್ಕಾಗಲ್ಲ," ಅಂದೆ.

ಆ ಮಾತು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಆದರೂ ಸುಳ್ಳೇ. ಆನಂದ ಕೌಂಟರಿನ ಮೇಲಿದ್ದ ರಸೀದಿ ಪುಸ್ತಕ ಎತ್ತಿ ನಾಗವೇಣಿಯ ಕಡೆಗೆ ಬೀಸಿದ. ಅದು ಅವಳ ಭುಜಕ್ಕೆ ಬಡಿದು ಕೆಳಗೆ ಬಿತ್ತು. "ನಿಮ್ಮಮ್ಮಂಗೆ ಇಂಗೆ ಆಗಿದ್ರೆ ಗೊತ್ತಾಗ್ತಿತ್ತು ನಿಂಗೆ," ಅಂದ. ಗೌರಮ್ಮ ಎದ್ದು ಅವನ ಕೈ ಹಿಡಿದುಕೊಂಡರು. "ನಡಿ ಮಗ, ನಡಿ. ಕೂಗಾಡಿದ್ರೆ ವಾಸಿ ಆಗ್ತದಾ," ಅಂತ ಹೊರಗೆ ಕರೆದುಕೊಂಡು ಹೋದರು. ಡಾಕ್ಟರು ನಾಗವೇಣಿಗೆ, ನಾಳೆಯಿಂದ ಬರಬೇಡ ಅಂದರು. ಅವಳು ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದಳು. ನಾನು ಅಲ್ಲೇ ನಿಂತಿದ್ದೆ.

ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಮಂಡಿಯಲ್ಲಿ ಗುಮಾಸ್ತರು. ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿಸಿಕೊಂಡು, "ಬೇರೆ ಯಾರಿಗಾದ್ರೂ ಗೊತ್ತಾಗತ್ತಾ ಇದು?" ಅಂದರು.

"ಕಂಪ್ಯೂಟರ್ ಗೊತ್ತಿರೋರು ನೋಡಿದ್ರೆ ಗೊತ್ತಾಗತ್ತೆ. ಅಲ್ಲಿ ಯಾರೂ ಇಲ್ಲ."

"ಹಂಗಾದ್ರೆ ಸುಮ್ನಿರು. ಆ ಹುಡುಗಿದೂ ತಪ್ಪಿದೆ ಅಲ್ವಾ, ನಂಬರ್ ನೋಡ್ಲಿಲ್ಲ. ಡಾಕ್ಟರ್ದೂ ಇದೆ. ನೀನೊಬ್ಳೇ ಯಾಕೆ ತಲೆ ಕೊಡ್ತೀಯ? ಕೇಸು ಗೀಸು ಅಂತ ಆದ್ರೆ ನಮ್ಮ ಗತಿ, ಮಗಳ ಗತಿ ಏನು?"

ಅವರು ಹೇಳಿದ್ದು ನನಗೆ ಬೇಕಾಗಿದ್ದ ಮಾತೇ ಆಗಿತ್ತು. ನಂಬರ್ ನೋಡಬೇಕಿತ್ತು, ನಂಬರ್ ನೋಡಬೇಕಿತ್ತು ಅಂತ ನನಗೆ ನಾನೇ ಹೇಳಿಕೊಂಡು ಅಡುಗೆ ಮಾಡಿದೆ.

ಮಾರನೇ ದಿನ ಯಲಹಂಕದ ಒಂದು ಶಾಲೆಯಲ್ಲಿ ಕೆಲಸ ಇತ್ತು. ಅಲ್ಲಿದ್ದಾಗ ನಾಗವೇಣಿ ಫೋನ್ ಮಾಡಿದಳು. "ಮೇಡಂ, ನಾನು ಅಳಿಸಿಲ್ಲ ಅಂತ ಕಂಪ್ಯೂಟರಲ್ಲಿ ಗೊತ್ತಾಗಲ್ವಾ? ನೀವೇ ನೋಡಿ ಸರ್‌ಗೆ ಹೇಳಿ ಮೇಡಂ. ನೀವು ಹೇಳಿದ್ರೆ ಅವರು ನಂಬ್ತಾರೆ. ಅಮ್ಮ ನೆನ್ನೆಯಿಂದ ಊಟ ಮಾಡಿಲ್ಲ. ನನ್ನಿಂದ ಒಂದು ಜೀವ ಹೋಗತ್ತಾ ಮೇಡಂ?"

"ನೋಡ್ತೀನಿ ನಾಗವೇಣಿ," ಅಂತ ಹೇಳಿ ಫೋನ್ ಇಟ್ಟೆ. ನೋಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆವತ್ತೂ ಹೇಳಲಿಲ್ಲ.

ನಾನು ಕೊನೆಗೆ ಬಾಯಿ ಬಿಟ್ಟದ್ದು ಒಳ್ಳೆಯತನದಿಂದ ಅಂತ ಹೇಳಲಾರೆ. ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡುವಾಗ ಒಂದು ಯೋಚನೆ ಬಂತು. ಆ ಪ್ರೋಗ್ರಾಂ ಇನ್ನೂ ನಡೆಯುತ್ತಲೇ ಇದೆ. ಐದು ತಿಂಗಳಿಂದ ನಡೆಯುತ್ತಿದೆ. ಗೌರಮ್ಮ ಅನ್ನುವುದು ಒಂದೇ ಹೆಸರೇ? ಲಕ್ಷ್ಮಮ್ಮ ಎಷ್ಟು ಜನ, ಮಂಜುನಾಥ ಎಷ್ಟು ಜನ? ಈ ಎರಡು ದಿನದಲ್ಲೂ ಇನ್ಯಾರದೋ ರಿಪೋರ್ಟಿನ ಮೇಲೆ ಇನ್ಯಾರದೋ ಕೂತಿರಬಹುದು. ಎರಡು ದಿನ ನಾನು ನನ್ನ ಬಗ್ಗೆಯೇ ಯೋಚನೆ ಮಾಡಿದ್ದೆ, ಇದು ತಲೆಗೇ ಬಂದಿರಲಿಲ್ಲ. ಒದ್ದೆ ಕೂದಲಲ್ಲೇ ಸ್ಕೂಟರ್ ತೆಗೆದೆ.

ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಪರದೆಯಲ್ಲಿ ಎರಡು ಹೆಸರನ್ನೂ ತೋರಿಸಿದೆ. ನಾನು ಬರೆದ ಸಾಲನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊನ್ನೆನೇ ಗೊತ್ತಾಗಿತ್ತಾ ನಿನಗೆ?"

"ಹೂಂ ಸರ್."

"ಮತ್ತೆ ಆ ಹುಡುಗೀನ ನಾನು ಬೈದು ಕಳಿಸೋವಾಗ ನೀನು ಅಲ್ಲೇ ಇದ್ಯಲ್ಲಮ್ಮ."

ಆಮೇಲೆ ಅವರು ತುಂಬ ಮೆಲ್ಲಗೆ, ನನಗಲ್ಲ ತಮಗೆ ಅನ್ನುವ ಹಾಗೆ, "ಫೈಲಿಗೆ ನಂಬರ್ ಹಾಕಿ ಇಟ್ಟಿದ್ರೆ ಸಾಕಿತ್ತು. ಸಹಿನೂ ಸ್ಕ್ಯಾನ್ ಮಾಡಿ ಒಳಗೇ ಅಂಟಿಸಿಬಿಟ್ಟಿದ್ದೆ, ಮೆಟ್ಟಿಲು ಇಳಿಯೋಕೆ ಸೋಮಾರಿತನ," ಅಂದರು.

ಅವತ್ತು ಪೂರ್ತಿ ಇಬ್ಬರೂ ಕೂತು ಎಲ್ಲ ಹೆಸರುಗಳನ್ನೂ ತಾಳೆ ನೋಡಿದೆವು. ಇನ್ನೂ ಮೂರು ಜೋಡಿ ಸಿಕ್ಕವು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳು. ಅವರನ್ನೆಲ್ಲ ಕರೆಸಿ ಮತ್ತೆ ರಕ್ತ ತೆಗೆದರು. ಯಾರಿಗೂ ಕೆಡುಕಾಗಿರಲಿಲ್ಲ. ಗೌರಮ್ಮನವರಿಗೆ ಮಾತ್ರ ಆಗಿತ್ತು. ಇನ್ನೊಬ್ಬ ಗೌರಮ್ಮ ಅಬ್ಬಿಗೆರೆಯವರು, ಅವರಿಗೂ ಐವತ್ತೇ, ಗಂಟು ಬಲಗಡೆ. ಅವರಿಗೆ ಅವರದ್ದೇ ಸರಿಯಾದ ರಿಪೋರ್ಟ್ ಸಿಕ್ಕಿತ್ತು.

ಡಾಕ್ಟರು ನಾಗವೇಣಿಗೆ ಫೋನ್ ಮಾಡಿ ಕ್ಷಮೆ ಕೇಳಿ, ವಾಪಸ್ ಬಾ ಅಂದರು. ಅವಳು ಒಪ್ಪಲಿಲ್ಲ. ನಾನೂ ಮಾಡಿದೆ. ನಾನು ಮಾತು ಮುಗಿಸುವವರೆಗೆ ಅವಳು ಸುಮ್ಮನೆ ಕೇಳಿದಳು. ಆಮೇಲೆ, "ನಾನು ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತಾ ಮೇಡಂ?" ಅಂದಳು.

"ಗೊತ್ತಿತ್ತು."

ಅವಳು ಫೋನ್ ಇಟ್ಟಳು. ಮತ್ತೆ ನನ್ನ ಕರೆ ಎತ್ತಲೇ ಇಲ್ಲ.

ಮಾರನೇ ದಿನ ಡಾಕ್ಟರೂ ನಾನೂ ಜಕ್ಕೂರಿಗೆ ಹೋದೆವು. ಹಳೇ ಊರಿನ ಒಳಗೆ ಅವರ ಮನೆ. ಮುಂದೆ ಎರಡು ಹಸು ಕಟ್ಟಿದ್ದರು. ಹಿಂದೆ ಹೊಸ ಅಪಾರ್ಟ್‌ಮೆಂಟಿನ ಗೋಡೆ ಮನೆಗಿಂತ ಎತ್ತರಕ್ಕೆ ನಿಂತಿತ್ತು. ಗೌರಮ್ಮನವರ ಗಂಡ ಪಿಳ್ಳಪ್ಪ ಚಾಪೆ ಹಾಸಿದರು. ಆನಂದ ಕೂರಲಿಲ್ಲ, ಬಾಗಿಲಿಗೆ ಅಡ್ಡವಾಗಿ ನಿಂತ. ಡಾಕ್ಟರು ಮಾತು ಶುರು ಮಾಡಿದ ಕೂಡಲೇ, "ಕಂಪ್ಯೂಟರ್ ಮಿಸ್ಟೇಕ್ ಅಂತ ಏಳೋಕೆ ಬಂದ್ರಾ?" ಅಂದ.

"ಕಂಪ್ಯೂಟರ್ದಲ್ಲ. ನನ್ನದು," ಅಂದೆ. ಆದಷ್ಟು ಸರಳವಾಗಿ ಹೇಳಿದೆ. ಇಬ್ಬರ ಹೆಸರೂ ಒಂದೇ ಇತ್ತು, ಒಬ್ಬರ ಕಾಗದದ ಮೇಲೆ ಇನ್ನೊಬ್ಬರ ಕಾಗದ ಬರೆದುಹೋಗುವ ಹಾಗೆ ನಾನೇ ಮಾಡಿಟ್ಟಿದ್ದೆ ಅಂದೆ. ಆ ಹುಡುಗಿಯ ತಪ್ಪಲ್ಲ ಅಂದೆ. ನಡುವೆ ತಲೆಯ ಮೇಲೆ ಸಣ್ಣ ವಿಮಾನವೊಂದು ಹಾದುಹೋಯಿತು. ಅದರ ಸದ್ದು ನಿಲ್ಲುವವರೆಗೆ ಸುಮ್ಮನಿದ್ದು ಮತ್ತೆ ಹೇಳಬೇಕಾಯಿತು.

ಗೌರಮ್ಮ ಗೋಡೆಗೆ ಒರಗಿ ಕೂತಿದ್ದರು. ಆನಂದ ಏನೋ ಹೇಳುವುದಕ್ಕೆ ಹೋದ, ಅವರು ಕೈಯೆತ್ತಿ ತಡೆದರು.

"ಆ ಇನ್ನೊಬ್ಳು ಗೌರಮ್ಮ ಎಂಗವ್ಳೆ?"

"ಚೆನ್ನಾಗಿದ್ದಾರೆ. ಅವರಿಗೇನೂ ಇಲ್ಲ," ಅಂದರು ಡಾಕ್ಟರು.

"ಓಗ್ಲಿ, ಅವ್ಳಾದ್ರೂ." ತಮ್ಮ ಎದೆಯ ಎಡಗಡೆಗೆ ಕೈ ಇಟ್ಟುಕೊಂಡರು. "ಇದು ದೊಡ್ದಾಗ್ತಾ ಐತೆ ಅಂತ ನಂಗೆ ಗೊತ್ತಾಗ್ತಿತ್ತು ಕಣವ್ವ. ದಿನಾ ಮುಟ್ಟಿ ನೋಡ್ಕೊಳ್ತಿದ್ದೆ. ಕಾಗದದಲ್ಲಿ ಏನೂ ಇಲ್ಲ ಅಂತ ಬರ್ದವ್ರೆ, ಓದಿರೋರು ಬರ್ದಿರೋದು, ನಂಗೇನು ಗೊತ್ತು ಅಂತ ಸುಮ್ನಾದೆ. ನನ್ನ ಕೈನೇ ನಾನು ನಂಬ್ಲಿಲ್ಲ."

ಸೆರಗನ್ನು ಮತ್ತೆ ಎಡಗಡೆಗೆ ಎಳೆದು ಹೊದ್ದುಕೊಂಡರು.

"ಈಗ ಒಂಟೋಗಿ," ಅಂದರು. "ನಂಗೆ ಅಳ್ಬೇಕು. ನಿಮ್ಮುಂದೆ ಆಗಲ್ಲ."

ಎದ್ದು ಬಂದೆವು.

ಗೌರಮ್ಮನವರ ಮನೆಯವರು ಕೇಸು ಹಾಕಲಿಲ್ಲ. ಅದು ಪಿಳ್ಳಪ್ಪನವರ ತೀರ್ಮಾನ ಅಂತ ಆಮೇಲೆ ತಿಳಿಯಿತು. ಡಾಕ್ಟರು ಮುಂದಿನ ವರ್ಷ ಲ್ಯಾಬ್ ಮುಚ್ಚಿ ಮೈಸೂರಿಗೆ ಹೋದರು. ಗೌರಮ್ಮನವರಿಗೆ ಆಪರೇಷನ್ ಆಯಿತು, ಕೀಮೋ ಶುರುವಾಯಿತು. ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಆನಂದ ನನ್ನನ್ನು ಕಂಡರೆ ಎದ್ದು ಹೊರಗೆ ಹೋಗುತ್ತಿದ್ದ. ಪಿಳ್ಳಪ್ಪನವರು ಮಾತ್ರ, "ಬಂದ್ಯಾ, ಕೂತ್ಕೊ," ಅನ್ನುತ್ತಿದ್ದರು. ಗೌರಮ್ಮ ನನ್ನ ಜೊತೆ ಜಾಸ್ತಿ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ಕೂದಲೆಲ್ಲ ಉದುರಿದ ಮೇಲೆ, ನನ್ನ ಜಡೆ ನೋಡಿ, "ಎಣ್ಣೆ ಆಕಲ್ವಾ ನೀನು? ಒಣಗೋಗೈತೆ ನೋಡು," ಅಂದರು. ನಾನು ಹೊರಗೆ ಮೆಟ್ಟಿಲ ಹತ್ತಿರ ಬಂದು ಬಹಳ ಹೊತ್ತು ನಿಂತಿದ್ದೆ.

ಒಂದು ದಿನ ಧೈರ್ಯ ಮಾಡಿ ಸರ್ಜನ್ ಅವರನ್ನು ಕೇಳಿದೆ. ಮೂರು ತಿಂಗಳು ಮೊದಲೇ ಬಂದಿದ್ದರೆ ವಾಸಿ ಆಗುತ್ತಿತ್ತಾ ಅಂತ. ಅವರು ನನ್ನನ್ನು ಸೊಸೆ ಅಂದುಕೊಂಡಿರಬೇಕು. "ಹೇಳೋಕಾಗಲ್ಲಮ್ಮ. ಆಗ್ತಿತ್ತೇನೋ, ಆಗ್ತಿರ್ಲಿಲ್ವೇನೋ. ಅದನ್ನ ಯೋಚನೆ ಮಾಡ್ಬೇಡಿ," ಅಂದರು. ನಾನು ಅದನ್ನು ಬಿಟ್ಟು ಬೇರೇನನ್ನೂ ಯೋಚನೆ ಮಾಡಿಲ್ಲ. ಆಗುತ್ತಿತ್ತು ಅಂದಿದ್ದರೂ, ಇಲ್ಲ ಅಂದಿದ್ದರೂ ಒಂದು ಕಡೆ ಕೂತು ಅಳಬಹುದಿತ್ತು.

೨೦೧೫ರ ಸಂಕ್ರಾಂತಿಗೆ ಸ್ವಲ್ಪ ಮೊದಲು ಗೌರಮ್ಮ ತೀರಿಕೊಂಡರು. ನಾನು ಹೋಗಿ ದೂರದಲ್ಲಿ ನಿಂತು ನೋಡಿ ಬಂದೆ.

ರಿಪೇರಿ ಕೆಲಸ ಬಿಟ್ಟೆ. ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಾಗವೇಣಿ ಯಶವಂತಪುರದ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ ಅಂತ ಯಾರೋ ಹೇಳಿದರು. ಒಮ್ಮೆ ಹೋದೆ. ಗಾಜಿನ ಆಚೆ ಅವಳು ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು, ಏನೋ ಹೇಳಿ ನಗುತ್ತಿದ್ದಳು. ಒಳಗೆ ಹೋದರೆ ಆ ನಗು ನಿಲ್ಲುತ್ತೆ ಅನ್ನಿಸಿತು. ಹಾಗೇ ವಾಪಸ್ ಬಂದೆ. ಅದೂ ನೆಪವೇ ಇರಬಹುದು.

ಎರಡು ವರ್ಷದ ಹಿಂದೆ ಯಲಹಂಕ ಬಸ್‌ಸ್ಟಾಂಡಿನಲ್ಲಿ ಪಿಳ್ಳಪ್ಪನವರು ಸಿಕ್ಕಿದರು. ಬಹಳ ಬಡವಾಗಿದ್ದರು. ಜೊತೆಯಲ್ಲಿ ಅವರದೇ ವಯಸ್ಸಿನ ಇನ್ನೊಬ್ಬರಿದ್ದರು. ನನ್ನನ್ನು ಗುರುತು ಹಿಡಿದು, ನನ್ನ ಮಗಳು ಹೇಗಿದ್ದಾಳೆ, ಶಾಲೆ ಹೇಗಿದೆ ಅಂತೆಲ್ಲ ಕೇಳಿದರು. ಆಮೇಲೆ ಜೊತೆಯವರ ಕಡೆ ತಿರುಗಿ, "ನಮ್ಮ ಗೌರಿ ವಿಷ್ಯ ಏಳಿದ್ನಲ್ಲ, ಇವ್ಳೇ ಆ ಉಡುಗಿ. ನನ್ನ ಮಗನಿಗೆ ಇವತ್ತಿಗೂ ಸಿಟ್ಟೈತೆ. ನಂಗೂ ಇಲ್ಲ ಅಂತ ಸುಳ್ಳೇಳಲ್ಲ. ಆದ್ರೂ ಗೊತ್ತಾದ ತಕ್ಷಣ ಬಂದು, ನಂದೇ ತಪ್ಪು ಅಂತ ಒಪ್ಕೊಂಡ್ಲು. ಯಾರ ಮೇಲೂ ಆಕ್ಲಿಲ್ಲ. ಈ ಕಾಲ್ದಲ್ಲಿ ಯಾರು ಅಂಗ್ ಮಾಡ್ತಾರೆ ಏಳು?" ಅಂದರು.

ಅವರ ಜೊತೆಯವರು ತಲೆಯಾಡಿಸಿ ನನ್ನನ್ನು ಮೆಚ್ಚುಗೆಯಿಂದ ನೋಡಿದರು.

ಗೊತ್ತಾದ ತಕ್ಷಣ ಅಲ್ಲ ತಾತ, ಎರಡು ದಿನ ಬಚ್ಚಿಟ್ಟಿದ್ದೆ, ಒಂದು ಹುಡುಗಿ ನನ್ನ ಬದಲು ಏಟು ತಿಂದಳು ಅಂತ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರ ಬಸ್ಸು ಬಂತು. ಪಿಳ್ಳಪ್ಪನವರು ನನ್ನ ತಲೆ ಮುಟ್ಟಿ, "ಚೆನ್ನಾಗಿರವ್ವ," ಅಂದು ಕಂಬಿ ಹಿಡಿದು ನಿಧಾನಕ್ಕೆ ಹತ್ತಿಕೊಂಡರು. ನಾನು ಕೈ ಮುಗಿದು ನಿಂತೆ.

ಬಸ್ಸು ಹೊರಟಾಗ ನನಗಾಗಿದ್ದು ಸಮಾಧಾನ. ಆ ಸಮಾಧಾನವನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ. ಪಿಳ್ಳಪ್ಪನವರಿಗೆ ಓದಲು ಬರುವುದಿಲ್ಲ. ಇದನ್ನು ಯಾರಾದರೂ ಅವರಿಗೆ ಓದಿ ಹೇಳಿದರೆ ಹೇಳಲಿ.